ರೂಟು ಮಾಡಿದ ಮೊಬೈಲಿಗೆ ಅಧಿಕೃತ ಅಪ್‌ಡೇಟು: ಒಂದು ವಿವೇಚನೆ

ಆಂಡ್ರಾಯ್ಡ್ ಮೊಬೈಲಿನ ಪರದೆಯ ಮೇಲೆ 'ಸಿಸ್ಟಮ್ ಅಪ್‌ಡೇಟು ಸಿದ್ಧವಾಗಿದೆ' ಎಂಬ ಸೂಚನೆಯು ಆಗಾಗ ಮೂಡುವದನ್ನು ಎಲ್ಲರೂ ಕಂಡಿರುವರು. ಸಾಮಾನ್ಯರಿಗೆ ಇದು ಒಂದು ಗುಂಡಿ ಒತ್ತಿ ಅರ್ಧ ತಾಸು ಕಾಯುವ ಕೆಲಸ. ಆದರೆ ಮೊಬೈಲನ್ನು 'ರೂಟು' ಮಾಡಿಕೊಂಡವನಿಗೆ ಇದೇ ಸೂಚನೆಯು ಧರ್ಮಸಂಕಟವನ್ನು ತಂದೊಡ್ಡುವದು. ಒತ್ತಿದರೆ ಅಪ್‌ಡೇಟು ನಡುವೆಯೇ ನಿಲ್ಲಬಹುದು. ನಿಲ್ಲದೆ ಮುಗಿದರೆ ರೂಟು ಹೋಗಬಹುದು. ದೈವ ಕೆಟ್ಟರೆ ಮೊಬೈಲು ಕಂಪನಿಯ ಹೆಸರನ್ನು ತೋರಿಸುತ್ತ ಅಲ್ಲಿಯೇ ನಿಂತುಬಿಡಬಹುದು. ಒತ್ತದೆ ಬಿಟ್ಟರೋ, ಕಂಪನಿಯವರು ಮುಚ್ಚಿ ಕಳಿಸಿದ ದೋಷದ ಕಿಂಡಿಗಳು ಅವನ ಮೊಬೈಲಿನಲ್ಲಿ ಮಾತ್ರ ತೆರೆದೇ ಉಳಿಯುವವು.

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಕಡೆಗಳಿಂದ ನಮ್ಮ ತರಗತಿಗೆ ಬರುವ ಮಿತ್ರರಲ್ಲಿ ಇಂಥ ಮೊಬೈಲು ಇಟ್ಟುಕೊಂಡವರು ಕೆಲವರಿರುವರು. ಅವರೊಡನೆ ಕುಳಿತು ನಾನು ಕಂಡುದನ್ನೂ, ಓದಿ ತಿಳಿದುದನ್ನೂ ಕ್ರಮವಾಗಿ ಬರೆದಿಡುವದೇ ಈ ಲೇಖನದ ಉದ್ದೇಶ. ರೂಟು ಮಾಡಿರಿ ಎಂದು ಹೇಳಲು ಇದನ್ನು ಬರೆದಿಲ್ಲ. ಮಾಡಬೇಡಿರಿ ಎಂದು ಗದರಿಸಲೂ ಅಲ್ಲ. ಮಾಡಿಕೊಂಡವನು ಅಪ್‌ಡೇಟು ಬಂದಾಗ ಹೇಗೆ ನಡೆದುಕೊಳ್ಳಬೇಕು, ಏಕೆ ಹಾಗೆ ನಡೆದುಕೊಳ್ಳಬೇಕು ಎಂಬುದಷ್ಟೇ ಇಲ್ಲಿಯ ವಿಷಯ.

ಕಲಾ ವಿಭಾಗದ ವಿದ್ಯಾರ್ಥಿಗೆ ಈ ಯಂತ್ರದ ಮಾತು ಏಕೆ ಎಂದು ಯಾರಾದರೂ ಕೇಳಬಹುದು. ಕನ್ನಡ ಐಚ್ಛಿಕ ತೆಗೆದುಕೊಂಡ ನಾವು ಗ್ರಂಥಸಂಪಾದನೆಯ ಪಾಠವನ್ನು ಓದುವೆವು. ಮೂಲಪಾಠ ಯಾವುದು, ಪಾಠಾಂತರ ಯಾವುದು, ಲಿಪಿಕಾರನ ಕೈ ಎಲ್ಲಿ ಆಡಿದೆ ಎಂಬ ವಿಚಾರವೇ ಅದರ ತಿರುಳು. ಅಪ್‌ಡೇಟಿನ ತೊಡಕೂ ಬೇರೇನಲ್ಲ. ಮೂಲಪಾಠವನ್ನು ಕಾಯ್ದಿಟ್ಟವನಿಗೆ ತೊಡಕಿಲ್ಲ, ಕಳೆದುಕೊಂಡವನಿಗೆ ದಾರಿಯಿಲ್ಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಮುಂದಿನದೆಲ್ಲ ಸುಲಭವಾಗುವದು.

ರೂಟು ಎಂದರೇನು?

ಆಂಡ್ರಾಯ್ಡಿನ ತಳದಲ್ಲಿ ಲಿನಕ್ಸ್ ಎಂಬ ವ್ಯವಸ್ಥೆಯಿದೆ. ಅದರಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಸಂಖ್ಯೆಯುಂಟು. 0 ಎಂಬ ಸಂಖ್ಯೆಯುಳ್ಳವನೇ ರೂಟು. ಅವನಿಗೆ ತೆರೆಯದ ಬಾಗಿಲಿಲ್ಲ. ಆಂಡ್ರಾಯ್ಡಿನಲ್ಲಿ ವಿಶೇಷವೇನೆಂದರೆ, ನಾವು ಹಾಕಿಕೊಳ್ಳುವ ಒಂದೊಂದು ಆ್ಯಪನ್ನೂ ಒಬ್ಬೊಬ್ಬ ಬೇರೆ ಬಳಕೆದಾರನೆಂದೇ ಎಣಿಸಿ, ಅದಕ್ಕೆ 10000ದಿಂದ ಮುಂದಿನ ಸಂಖ್ಯೆಯೊಂದನ್ನು ಕೊಡಲಾಗುವದು. ಆದ್ದರಿಂದ ಒಂದು ಆಟದ ಆ್ಯಪು ಬ್ಯಾಂಕಿನ ಆ್ಯಪಿನ ಕಡತವನ್ನು ಇಣಿಕಿ ನೋಡಲಾರದು. ಮೊಬೈಲಿನ ಒಡೆಯನಾದ ನಾವೂ 0 ಆಗಿರುವದಿಲ್ಲ. ಆ ಅಧಿಕಾರವನ್ನು ಕಂಪನಿಯು ನಮಗೆ ಕೊಟ್ಟಿರುವದಿಲ್ಲ. ಅದನ್ನು ನಾವೇ ಪಡೆದುಕೊಳ್ಳುವದಕ್ಕೆ ರೂಟು ಮಾಡುವದು ಎಂದು ಹೆಸರು.

ರೂಟಿಗೂ ಅಪ್‌ಡೇಟಿಗೂ ಇರುವ ವೈಮನಸ್ಸು ಆಂಡ್ರಾಯ್ಡಿನಷ್ಟೇ ಹಳೆಯದು. ಆಂಡ್ರಾಯ್ಡಿನ ಮೊದಲ ಮೊಬೈಲಾದ ಜಿ-1 ಅಮೇರಿಕೆಯಲ್ಲಿ 2008ರ ಅಕ್ಟೋಬರದಲ್ಲಿ ಮಾರಾಟಕ್ಕೆ ಬಂದಿತು. ಅದರಲ್ಲಿ ಒಂದು ವಿಚಿತ್ರ ದೋಷ ಉಳಿದುಕೊಂಡಿತ್ತು. ಕೀಲಿಮಣೆಯಲ್ಲಿ ಒತ್ತಿದ ಪ್ರತಿಯೊಂದು ಅಕ್ಷರವೂ ಪರದೆಯ ಹಿಂದೆ ರೂಟಿನ ಆಜ್ಞೆಯಾಗಿಯೂ ಹೋಗುತ್ತಿತ್ತು. ಗೆಳೆಯನಿಗೆ ಸಂದೇಶ ಬರೆಯುತ್ತ 'ರೀಬೂಟ್' ಎಂದು ಬರೆದು ಮುಂದಿನ ಸಾಲಿಗೆ ಹೋದರೆ ಸಾಕು, ಮೊಬೈಲು ನಿಜವಾಗಿಯೇ ಮುಚ್ಚಿಕೊಂಡು ಮತ್ತೆ ತೆರೆಯುತ್ತಿತ್ತು. ಈ ಬಾಗಿಲಿನಿಂದಲೇ ಜನರು ಮೊದಲು ರೂಟು ಪಡೆದರು. ನವೆಂಬರದಲ್ಲಿಯೇ ಅಧಿಕೃತ ಅಪ್‌ಡೇಟು ಬಂದು ಆ ಬಾಗಿಲನ್ನು ಮುಚ್ಚಿತು. ರೂಟು ಬೇಕಾದವರು ಅಪ್‌ಡೇಟನ್ನು ಬೇಡವೆಂದರು. ಅಂದಿನಿಂದ ಇಂದಿನವರೆಗೆ ಈ ಜಗ್ಗಾಟ ನಡೆದೇ ಇದೆ.

ಕನ್ನಡದ ಅಕ್ಷರವೂ ರೂಟೂ

ಈ ವಿಷಯವು ಕನ್ನಡಕ್ಕೆ ಹೊರಗಿನದೆಂದು ತಿಳಿಯಬಾರದು. ಆಂಡ್ರಾಯ್ಡಿನ ಮೊದಲ ವರ್ಷಗಳಲ್ಲಿ ಕನ್ನಡದ ಅಕ್ಷರಗಳು ಮೊಬೈಲಿನಲ್ಲಿ ಕಾಣುತ್ತಿರಲಿಲ್ಲ. ಅಕ್ಷರವಿರಬೇಕಾದಲ್ಲಿ ಚೌಕ ಚೌಕ ಪೆಟ್ಟಿಗೆಗಳು ಕಾಣುತ್ತಿದ್ದವು. ಆಗ ಎರಡು ಉಪಾಯಗಳಿದ್ದವು. ಒಪೆರಾ ಮಿನಿ ಎಂಬ ಬ್ರೌಸರಿನಲ್ಲಿ ಒಂದು ಹೊಂದಾಣಿಕೆಯನ್ನು ಬದಲಿಸಿದರೆ ಅದು ಪುಟದ ಅಕ್ಷರಗಳನ್ನು ಚಿತ್ರವಾಗಿ ಮಾಡಿ ತೋರಿಸುತ್ತಿತ್ತು. ಎರಡನೆಯದು, ಮೊಬೈಲನ್ನು ರೂಟು ಮಾಡಿ, ಸಿಸ್ಟಮ್ ವಿಭಾಗದಲ್ಲಿದ್ದ 'ಡ್ರಾಯ್ಡ್ ಸ್ಯಾನ್ಸ್ ಫಾಲ್‌ಬ್ಯಾಕ್' ಎಂಬ ಅಕ್ಷರಕಡತವನ್ನು ತೆಗೆದು, ಅದೇ ಹೆಸರಿನ, ಆದರೆ ಕನ್ನಡವೂ ಸೇರಿದ ಬೇರೆ ಕಡತವನ್ನು ಅಲ್ಲಿಡುವದು. ಹಾಗೆ ಮಾಡಿದರೂ ಅಕ್ಷರ ಕಾಣುತ್ತಿತ್ತೇ ಹೊರತು ಜೋಡಣೆಯಾಗುತ್ತಿರಲಿಲ್ಲ. ಒತ್ತಕ್ಷರವು ಕೆಳಗಿಳಿಯದೆ ಪಕ್ಕದಲ್ಲಿಯೇ ನಿಲ್ಲುತ್ತಿತ್ತು.

2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಗಳಿಗೆ ವ್ಯವಸ್ಥೆಯೊಳಗೇ ಸ್ಥಾನ ದೊರೆಯಿತು. 2014ರ 5.0ರಲ್ಲಿ ಮೊಬೈಲಿನ ಪಟ್ಟಿಗಳು, ಸೂಚನೆಗಳು ಕೂಡ ಕನ್ನಡದಲ್ಲಿ ಬಂದವು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಯಾವ ಕನ್ನಡಕ್ಕಾಗಿ ಜನರು ರೂಟು ಮಾಡಿದ್ದರೋ ಆ ಕನ್ನಡವು ಕೊನೆಗೆ, ಇನ್ನೂ ಸುಂದರವಾಗಿ, ಅಧಿಕೃತ ಅಪ್‌ಡೇಟಿನ ಮೂಲಕವೇ ಬಂದಿತು. ಆದರೆ ಅಕ್ಷರಕಡತವನ್ನು ಬದಲಿಸಿದವನ ಮೊಬೈಲಿನಲ್ಲಿ ಆ ಬದಲಿಸಿದ ಕಡತವೇ ಅಪ್‌ಡೇಟಿಗೆ ಅಡ್ಡ ನಿಲ್ಲಬಹುದಾಗಿತ್ತು. ಹೀಗೇಕೆ ಎಂಬುದನ್ನು ತಿಳಿಯಲು ಅಪ್‌ಡೇಟಿನ ಒಳಗುಟ್ಟನ್ನು ನೋಡಬೇಕು.

ಅಪ್‌ಡೇಟು ಒಂದು ಒಪ್ಪೋಲೆ

ಹಳೆಯ ಕನ್ನಡ ಪುಸ್ತಕಗಳ ಕೊನೆಗೆ ಒಪ್ಪೋಲೆಯೊಂದನ್ನು ಅಂಟಿಸಿರುವದನ್ನು ವಾಚಕರು ಕಂಡಿರಬಹುದು. 'ಇಂಥ ಪುಟದ ಇಂಥ ಸಾಲಿನಲ್ಲಿ ಹೀಗಿರುವದನ್ನು ಹೀಗೆ ಓದಿಕೊಳ್ಳಬೇಕು' ಎಂದು ಅದರಲ್ಲಿ ಅಚ್ಚಾಗಿರುವದು. ಒಪ್ಪೋಲೆ ಬರೆದವನು ಒಂದು ಸಂಗತಿಯನ್ನು ನಂಬಿಕೊಂಡೇ ಬರೆದಿರುವನು: ಓದುಗನ ಕೈಯಲ್ಲಿರುವ ಪುಸ್ತಕವು ತಾನು ಅಚ್ಚು ಹಾಕಿಸಿದ ಪುಸ್ತಕವೇ. ಓದುಗನು ನಡುವೆ ಎರಡು ಹಾಳೆ ಸೇರಿಸಿಕೊಂಡಿದ್ದರೆ ಪುಟಸಂಖ್ಯೆ ತಪ್ಪಿ, ಒಪ್ಪೋಲೆಯಂತೆ ತಿದ್ದಹೋದವನು ಸರಿಯಿದ್ದುದನ್ನೇ ಕೆಡಿಸಿಬಿಡುವನು.

ಸಣ್ಣ ಅಪ್‌ಡೇಟು ಇಂಥ ಒಪ್ಪೋಲೆಯೇ. ಅದರಲ್ಲಿ ಇಡೀ ವ್ಯವಸ್ಥೆ ಇರುವದಿಲ್ಲ; ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಮಾತ್ರ ಇರುವದು. ತಿದ್ದುವ ಮೊದಲು ಅದು 'ಇದು ನಾನು ಬಲ್ಲ ಪುಸ್ತಕವೇ?' ಎಂದು ಪರೀಕ್ಷಿಸುವದು. ಪರೀಕ್ಷೆಯ ಸಾಧನವೆಂದರೆ ಹ್ಯಾಶ್ ಎಂಬ ಲೆಕ್ಕ. ಒಂದು ಕಡತದ ಎಲ್ಲ ಅಂಕಿಗಳನ್ನೂ ಹಿಂಡಿ ತೆಗೆದ ಒಂದು ಗುರುತಿನ ಸಂಖ್ಯೆ ಎಂದು ಅದನ್ನು ತಿಳಿಯಬಹುದು. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುವದು.

ಮೊದಲಿನ ಕಾಲದಲ್ಲಿ ಈ ಪರೀಕ್ಷೆ ಕಡತ ಕಡತಕ್ಕೆ ನಡೆಯುತ್ತಿತ್ತು. ತಿದ್ದಬೇಕಾದ ಕಡತ ಮೂಲದಂತಿದ್ದರೆ ಸಾಕು; ಬಳಕೆದಾರನು ಬೇರೆಡೆ ಹೆಚ್ಚಿನ ಕಡತವೊಂದನ್ನು ಇಟ್ಟಿದ್ದರೆ ಅದನ್ನು ಯಾರೂ ಕೇಳುತ್ತಿರಲಿಲ್ಲ. ಅಕ್ಷರಕಡತದ ಮಾತನ್ನೇ ತೆಗೆದುಕೊಂಡರೆ, ಹೊಸ ಹೆಸರಿನಿಂದ ಸೇರಿಸಿದವನು ಪಾರಾಗುತ್ತಿದ್ದನು. ಇದ್ದುದನ್ನೇ ಬದಲಿಸಿದವನು, ಆ ಕಡತಕ್ಕೆ ತಿದ್ದುಪಡಿ ಬಂದಿದ್ದರೆ, ಸಿಕ್ಕಿ ಬೀಳುತ್ತಿದ್ದನು. 5.0ರಿಂದ ಹೊಸ ಪದ್ಧತಿಯೊಂದು ಬಂದಿತು. ಅದರಲ್ಲಿ ಕಡತಗಳ ಎಣಿಕೆಯಿಲ್ಲ. ಸಿಸ್ಟಮ್ ವಿಭಾಗವನ್ನೆಲ್ಲ ಒಂದೇ ಬಟ್ಟೆಯ ಥಾನಿನಂತೆ ತೆಗೆದುಕೊಂಡು ತುಂಡು ತುಂಡಾಗಿ ತಾಳೆ ನೋಡುವರು. ಇಲ್ಲಿ ಹೆಚ್ಚಿನ ಕಡತವೂ ತಪ್ಪೇ. ಇಷ್ಟೇ ಅಲ್ಲ, ಏನನ್ನೂ ಬದಲಿಸದೆ ಆ ವಿಭಾಗವನ್ನು 'ಬರೆಯುವದಕ್ಕಾಗಿ' ಒಮ್ಮೆ ತೆರೆದು ಮುಚ್ಚಿದರೂ, ತೆರೆದ ವೇಳೆಯನ್ನು ವಿಭಾಗದ ಮೊದಲಿಗೆ ಗುರುತು ಮಾಡಿಕೊಳ್ಳುವ ಪದ್ಧತಿಯಿರುವದರಿಂದ, ತಾಳೆ ತಪ್ಪುವದು. ಕನ್ನಡದ ಪಟ್ಟಿಗಳನ್ನು ತಂದ ಆವೃತ್ತಿಯೇ ಈ ಬಿಗಿಯನ್ನೂ ತಂದಿತು.

ಇದರ ಜೊತೆಗೆ ಇನ್ನೊಂದು ಕಾವಲಿದೆ. 2013ರ 4.4ರಲ್ಲಿ ಬಂದು, 2016ರ 7.0ರಿಂದ ಬಿಗಿಯಾದ ಈ ಕಾವಲಿಗೆ ಡಿ-ಎಂ-ವೆರಿಟಿ ಎಂದು ಹೆಸರು. ಸಿಸ್ಟಮ್ ವಿಭಾಗವನ್ನು 4096 ಬೈಟುಗಳ ತುಂಡುಗಳಾಗಿ ಭಾಗಿಸಿ, ಒಂದೊಂದಕ್ಕೂ ಹ್ಯಾಶ್ ತೆಗೆದು, ಆ ಹ್ಯಾಶುಗಳಿಗೆ ಮತ್ತೆ ಹ್ಯಾಶ್ ತೆಗೆದು, ಮರದ ಟೊಂಗೆಗಳೆಲ್ಲ ಒಂದು ಬೊಡ್ಡೆಗೆ ಸೇರುವಂತೆ ಕೊನೆಗೆ ಒಂದೇ ಸಂಖ್ಯೆಗೆ ತರುವರು. ಆ ಒಂದು ಸಂಖ್ಯೆಗೆ ಕಂಪನಿಯ ಮುದ್ರೆ ಬೀಳುವದು. ಮೊಬೈಲು ಓಡುತ್ತಿರುವಾಗಲೇ, ಓದಿದ ಪ್ರತಿಯೊಂದು ತುಂಡಿನ ಲೆಕ್ಕವೂ ಇದಕ್ಕೆ ಹೊಂದಬೇಕು. ಒಡೆದ ಅರಗಿನ ಮುದ್ರೆಯ ಲಕೋಟೆಯನ್ನು ಅಂಚೆಯವರು ಒಪ್ಪದಂತೆ, ಲೆಕ್ಕ ತಪ್ಪಿದ ವ್ಯವಸ್ಥೆಯನ್ನು ಮೊಬೈಲು ತಾನೇ ಒಪ್ಪುವದಿಲ್ಲ.

ಇದಕ್ಕೆ ಹೊರತಾದುದು ಪೂರ್ಣ ಅಪ್‌ಡೇಟು. ಅದು ಒಪ್ಪೋಲೆಯಲ್ಲ, ಹೊಸ ಮುದ್ರಣ. ಹಳೆಯ ಪುಸ್ತಕ ಹೇಗಿದ್ದರೇನು, ಅದನ್ನು ಬದಿಗಿಟ್ಟು ಹೊಸದನ್ನು ಕೊಡುವದು. ಗಾತ್ರ ದೊಡ್ಡದು, ಆದರೆ ತಾಳೆ ನೋಡುವ ತಂಟೆಯಿಲ್ಲ. ಸಣ್ಣದು ಸೋತಲ್ಲಿ ಇದು ಗೆಲ್ಲುವದಕ್ಕೆ ಇದೇ ಕಾರಣ.

ಓಲೆಯನ್ನು ಕೆರೆಯದೆ ಟಿಪ್ಪಣಿ ಬರೆಯುವದು

ಈ ಬಿಗಿ ಬಂದ ಮೇಲೆ ರೂಟಿನ ವಿಧಾನವೂ ಬದಲಾಯಿತು. ಮೊದಲು 'ಸು' ಎಂಬ ಕಡತವನ್ನು ಸಿಸ್ಟಮ್ ವಿಭಾಗದೊಳಗೇ ಇಡುತ್ತಿದ್ದರು. ಇದು ತಾಳೆಯೋಲೆಯ ಮೇಲಿನ ಅಕ್ಷರವನ್ನೇ ಕೆರೆದು ಬೇರೆ ಬರೆದಂತೆ. 2015ರ ಸುಮಾರಿಗೆ ಸೂಪರ್ ಎಸ್‌ಯು ಎಂಬ ಸಾಧನವು ಸಿಸ್ಟಮ್ ಮುಟ್ಟದ ಮಾರ್ಗವನ್ನು ತೋರಿಸಿತು. 2016ರಲ್ಲಿ ಜಾನ್ ವೂ ಎಂಬ ತರುಣನು ಮ್ಯಾಜಿಸ್ಕ್ ಎಂಬ ಸಾಧನವನ್ನು ಹೊರತಂದನು; ಈಗ ಬಹಳ ಜನ ಬಳಸುವದು ಇದನ್ನೇ. ಇದು ಬದಲಿಸುವದು ಬೂಟ್ ಎಂಬ ಸಣ್ಣ ವಿಭಾಗವನ್ನು ಮಾತ್ರ. ಮೊಬೈಲು ಕಣ್ಣು ತೆರೆಯುವಾಗ ಮೊದಲು ಓದುವ ಪುಟ ಅದು. ಮಿಕ್ಕ ಬದಲಾವಣೆಗಳೆಲ್ಲ ಮೂಲದ ಮೇಲೆ ಹೊದಿಸಿದ ತೆಳುವಾದ ಹಾಳೆಯಂತೆ ತೋರುವವೇ ಹೊರತು ಮೂಲವು ಹಾಗೆಯೇ ಉಳಿಯುವದು. ಒಳ್ಳೆಯ ಸಂಪಾದಕನು ಓಲೆಯನ್ನು ಕೆರೆಯದೆ ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಕ್ರಮ ಇದು.

2022ರ ಆಂಡ್ರಾಯ್ಡ್ 13ರೊಡನೆ ಮಾರಾಟಕ್ಕೆ ಬಂದ ಮತ್ತು ಅನಂತರದ ಅನೇಕ ಮೊಬೈಲುಗಳಲ್ಲಿ ಈ ಮೊದಲ ಪುಟವು 'ಇನಿಟ್ ಬೂಟ್' ಎಂಬ ಬೇರೆ ವಿಭಾಗಕ್ಕೆ ಹೋಗಿದೆ. ಅಲ್ಲಿ ಬೂಟಿನ ಬದಲು ಅದನ್ನೇ ತಿದ್ದಬೇಕಾಗುವದು. ವಿಭಾಗ ಯಾವುದೇ ಇರಲಿ, ನಿಯಮ ಒಂದೇ: ತಿದ್ದುವ ಮೊದಲಿನ ಪ್ರತಿಯನ್ನು, ಅದರ ಬಿಲ್ಡ್ ಸಂಖ್ಯೆ ಸಹಿತ, ಮೊಬೈಲಿನ ಹೊರಗೂ ಒಂದೆಡೆ ಇಟ್ಟುಕೊಳ್ಳಬೇಕು. ಬೇರೆ ಬಿಲ್ಡಿನ ಪ್ರತಿ ಕೆಲಸಕ್ಕೆ ಬಾರದು. ಬೇರೆ ಮುದ್ರಣದ ಹಾಳೆ ಈ ಪುಸ್ತಕಕ್ಕೆ ಹೊಂದುವದಿಲ್ಲ.

ಮೂರು ಊರು, ಮೂರು ಮೊಬೈಲು

ಇನ್ನು ಪ್ರತ್ಯಕ್ಷ ಕ್ರಮಕ್ಕೆ ಬರೋಣ. ಮೊಬೈಲುಗಳಲ್ಲಿ ಮುಖ್ಯವಾಗಿ ಮೂರು ಬಗೆ. ನನಗೆ ಆ ಮೂರೂ ಮೂರು ಊರಿನ ಮಿತ್ರರ ಕೈಯಲ್ಲಿ ನೋಡಸಿಕ್ಕವು.

ಗೋಕಾಕದ ಮಿತ್ರನದು ಎರಡು ಪ್ರತಿಯ ಮೊಬೈಲು. 2016ರಿಂದ ಬಂದ ಈ ಏರ್ಪಾಡಿನಲ್ಲಿ ವ್ಯವಸ್ಥೆಗೆ 'ಎ' ಮತ್ತು 'ಬಿ' ಎಂದು ಎರಡು ಸ್ಥಾನಗಳಿರುವವು. ಒಂದರಿಂದ ಮೊಬೈಲು ನಡೆಯುತ್ತಿರುವಾಗ ಅಪ್‌ಡೇಟು ಇನ್ನೊಂದರಲ್ಲಿ ಸದ್ದಿಲ್ಲದೆ ಬರೆಯಲ್ಪಡುವದು. ಮರುಪ್ರಾರಂಭದಲ್ಲಿ ಸ್ಥಾನ ಬದಲಾಗುವದು. ಹೊಸದು ಕೆಲವು ಸಲ ಎದ್ದು ನಿಲ್ಲದೆ ಹೋದರೆ ಮೊಬೈಲು ಹಳೆಯದಕ್ಕೆ ಹಿಂದಿರುಗುವದು. ಆದ್ದರಿಂದ ಇದು ಎಲ್ಲಕ್ಕೂ ಸುರಕ್ಷಿತವಾದ ಬಗೆ. ಅವನು ನಡೆಸಿದ ಕ್ರಮ ಹೀಗಿದೆ. ಡೆವಲಪರ್ ಆಯ್ಕೆಗಳಲ್ಲಿ 'ತಾನಾಗಿ ಅಪ್‌ಡೇಟು ಆಗುವ' ಗುಂಡಿಯನ್ನು ಮೊದಲೇ ಆರಿಸಿಟ್ಟಿದ್ದನು. ಅಪ್‌ಡೇಟು ಬಂದ ಸುದ್ದಿ ತಿಳಿದಾಗ ಮ್ಯಾಜಿಸ್ಕಿನ ಎಲ್ಲ ಮಾಡ್ಯೂಲುಗಳನ್ನು ನಿಲ್ಲಿಸಿ, ಮೊಬೈಲನ್ನು ಒಮ್ಮೆ ಮುಚ್ಚಿ ತೆರೆದನು. ಬಳಿಕ ಮ್ಯಾಜಿಸ್ಕಿನಲ್ಲಿ 'ಅನ್‌ಇನ್‌ಸ್ಟಾಲ್' ಒತ್ತಿ, ಅದರಲ್ಲಿ 'ಇಮೇಜುಗಳನ್ನು ಮರಳಿಸು' ಎಂಬುದನ್ನು ಆರಿಸಿದನು. ಆಗ ಬೂಟ್ ವಿಭಾಗವು ಮೊದಲಿನಂತಾಯಿತು. ಇಲ್ಲಿ ಮೊಬೈಲನ್ನು ಮುಚ್ಚಿ ತೆರೆಯಬಾರದು. ಹಾಗೆಯೇ ಸೆಟ್ಟಿಂಗ್ಸಿಗೆ ಹೋಗಿ ಅಧಿಕೃತ ಅಪ್‌ಡೇಟನ್ನು ನಡೆಸಿದನು. ಮುಗಿದಾಗ 'ಈಗ ಮರುಪ್ರಾರಂಭಿಸಿರಿ' ಎಂಬ ಗುಂಡಿ ಬರುವದು, ಅದನ್ನೂ ಒತ್ತಲಿಲ್ಲ. ಮತ್ತೆ ಮ್ಯಾಜಿಸ್ಕಿಗೆ ಬಂದು, 'ಅಪ್‌ಡೇಟಿನ ಬಳಿಕ, ನಿಷ್ಕ್ರಿಯ ಸ್ಥಾನಕ್ಕೆ ಸ್ಥಾಪಿಸು' ಎಂಬುದನ್ನು ಆರಿಸಿ, ಆ ಕೆಲಸ ಮುಗಿದ ಮೇಲೆಯೇ ಮ್ಯಾಜಿಸ್ಕಿನ ಒಳಗಿನಿಂದಲೇ ಮರುಪ್ರಾರಂಭಿಸಿದನು. ಹೊಸ ವ್ಯವಸ್ಥೆ ಬಂದಿತು, ರೂಟೂ ಉಳಿಯಿತು. ಎಲ್ಲಕ್ಕೂ ಅರ್ಧ ತಾಸು. ಮಾಡ್ಯೂಲುಗಳನ್ನು ಅನಂತರ ಒಂದೊಂದಾಗಿ ತೆರೆದು ನೋಡಿದನು. ಹಳೆಯ ವ್ಯವಸ್ಥೆಗಾಗಿ ಬರೆದ ಮಾಡ್ಯೂಲು ಹೊಸದರಲ್ಲಿ ಮೊಬೈಲನ್ನು ಏಳಗೊಡದೆ ಹೋಗಬಹುದು. ಅಂಥ ಪ್ರಸಂಗ ಬಂದರೆ ಸೇಫ್ ಮೋಡಿನಲ್ಲಿ ತೆರೆದರೆ ಸಾಕು. ಮ್ಯಾಜಿಸ್ಕು ಎಲ್ಲ ಮಾಡ್ಯೂಲುಗಳನ್ನೂ ತಾನೇ ನಿಲ್ಲಿಸುವದು.

ಈ ಕ್ರಮದ ಜೀವಾಳವೆಲ್ಲ ಆ 'ಮರಳಿಸು' ಎಂಬಲ್ಲಿದೆ. ಮೊದಲು ರೂಟು ಮಾಡಿದಾಗ ಮೂಲದ ಪ್ರತಿ ಉಳಿದಿರದಿದ್ದರೆ 'ಮೂಲಪ್ರತಿ ಇಲ್ಲ' ಎಂಬ ಉತ್ತರ ಬರುವದು. ಆಗ ಒಪ್ಪೋಲೆಯ ಆಶೆ ಬಿಟ್ಟು ಪೂರ್ಣ ಅಪ್‌ಡೇಟನ್ನೇ ಹುಡುಕಬೇಕು. ಪಿಕ್ಸೆಲ್ ಮೊಬೈಲುಗಳಿಗೆ ಗೂಗಲ್ ಕಂಪನಿಯು ಪೂರ್ಣ ಅಪ್‌ಡೇಟುಗಳನ್ನೂ ಮೂಲ ಇಮೇಜುಗಳನ್ನೂ ಬಹಿರಂಗವಾಗಿ ಪ್ರಕಟಿಸುತ್ತಿರುವದು. ಎಲ್ಲ ಕಂಪನಿಗಳಲ್ಲಿ ಈ ಔದಾರ್ಯ ಕಾಣಸಿಗದು.

ಮೂಡಲಗಿಯ ಮಿತ್ರನದು ಒಂದೇ ಪ್ರತಿಯ ಹಳೆಯ ಮೊಬೈಲು. ಯಾರಿಂದಲೋ ಕೊಂಡದ್ದು, ಕೊಳ್ಳುವಾಗಲೇ ರೂಟು ಆಗಿತ್ತು, ರಿಕವರಿ ಎಂಬ ವಿಭಾಗದಲ್ಲಿಯೂ ಮೂಲದ್ದನ್ನು ತೆಗೆದು ಟಿ.ಡಬ್ಲ್ಯೂ.ಆರ್.ಪಿ. ಎಂಬುದನ್ನು ಹಾಕಿದ್ದರು. ಇಂಥ ಮೊಬೈಲಿನಲ್ಲಿ ಅಪ್‌ಡೇಟನ್ನು ಬರೆಯುವದು ರಿಕವರಿಯ ಕೆಲಸ. ಮೂಲ ರಿಕವರಿಯು ಕಂಪನಿಯ ಮುದ್ರೆ ನೋಡಿ, ತಾಳೆ ನೋಡಿ ಬರೆಯುವದು. ಅದರ ಸ್ಥಾನದಲ್ಲಿ ಬೇರೆಯದು ಕುಳಿತಿದ್ದರೆ ಅಪ್‌ಡೇಟು 'ಸ್ಟೇಟಸ್ 7' ಎಂಬಂಥ ತಪ್ಪು ತೋರಿಸಿ ನಿಲ್ಲುವದು. ಇಲ್ಲವೆ ಮುಗಿಯದ ಆಜ್ಞೆ ಹಾಗೆಯೇ ಉಳಿದು, ತೆರೆದಾಗಲೆಲ್ಲ ಮೊಬೈಲು ರಿಕವರಿಗೇ ಹೋಗುತ್ತಿರುವದು. ಅವನ ತಮ್ಮನು ಸೂಚನೆ ಕಂಡು ಗುಂಡಿ ಒತ್ತಿದನು. ಆದದ್ದು ಈ ಎರಡನೆಯದು.

ಇದು ಸರಿಪಡಿಸಬಹುದಾದ ತೊಡಕು. ಉಳಿದುಹೋದ ಆಜ್ಞೆಯನ್ನು ಅಳಿಸಿದರೆ ಮೊಬೈಲು ಹಳೆಯ ವ್ಯವಸ್ಥೆಯಲ್ಲಿ ಏಳಬಹುದಾಗಿತ್ತು. ಒಳಗಿನ ದತ್ತಾಂಶಕ್ಕೆ ಏನೂ ಆಗಿರಲಿಲ್ಲ. ಆದರೆ ಅದನ್ನು ತಿಳಿಯದ ಒಬ್ಬ ರಿಪೇರಿಯವನು ಎಲ್ಲವನ್ನೂ ಅಳಿಸಿ ಹೊಸದಾಗಿ ಮಾಡಿ ಕೊಟ್ಟನು. ಮೊಬೈಲು ಎದ್ದಿತು. ಅದರಲ್ಲಿದ್ದ ಅಜ್ಜನ ಹಾಡುಗಳು ಹೋದವು. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಳೆದು ಬಂದ ಶ್ರೀಕೃಷ್ಣ ಪಾರಿಜಾತವು ಈ ಸೀಮೆಯ ಆಟ. ಅವನ ಅಜ್ಜ ಒಂದು ಕಾಲಕ್ಕೆ ಮೇಳದಲ್ಲಿ ಹಿಮ್ಮೇಳ ಹಿಡಿದವರು. ಕಟ್ಟೆಯ ಮೇಲೆ ಕುಳಿತು ಅವರು ಹೇಳಿದ ಪದಗಳನ್ನು ಮೊಮ್ಮಗನು ಎರಡು ಬೇಸಿಗೆ ಧ್ವನಿಮುದ್ರಿಸಿಕೊಂಡಿದ್ದನು, ಅಜ್ಜ ಈಗಿಲ್ಲ. ಅಪ್‌ಡೇಟಿನ ಪಾಠವನ್ನು ನಾನು ಇಷ್ಟು ಎಚ್ಚರಿಕೆಯಿಂದ ಕಲಿಯಲು ಕಾರಣ ಆ ಮೊಬೈಲು. ಮೊಬೈಲಿನ ಬೆಲೆ ಕೆಲವು ಸಾವಿರ ರೂಪಾಯಿ. ಅದರಲ್ಲಿರುವದರ ಬೆಲೆಯನ್ನು ಅಂಗಡಿಯವನು ಹೇಗೆ ಬಲ್ಲನು?

ಈ ಬಗೆಯ ಮೊಬೈಲಿಗೆ ಸುಲಭ ಮಾರ್ಗವಿಲ್ಲ. ಮೊದಲು ಎಲ್ಲವನ್ನೂ ಬೇರೆಡೆ ನಕಲು ಮಾಡಿಕೊಳ್ಳಬೇಕು. ಬಳಿಕ ಅದೇ ಬಿಲ್ಡಿನ ಮೂಲ ಬೂಟ್, ಮೂಲ ರಿಕವರಿ, ಸಿಸ್ಟಮ್ ಮುಟ್ಟಿದ್ದರೆ ಮೂಲ ಸಿಸ್ಟಮ್ ಇವುಗಳನ್ನು ಮರಳಿ ಹಾಕಬೇಕು. ಆಮೇಲೆ ಅಪ್‌ಡೇಟು ಮಾಡಬೇಕು. ಬೇಕಿದ್ದರೆ ಹೊಸ ಬಿಲ್ಡಿನ ಬೂಟನ್ನು ತಿದ್ದಿ ಮತ್ತೆ ರೂಟು ಮಾಡಿಕೊಳ್ಳಬೇಕು. ಒಂದೇ ಪ್ರತಿಯಿರುವದರಿಂದ ಬರೆಯುವ ನಡುವೆ ಮೊಬೈಲು ಆರಿದರೆ ಹಿಂದಿರುಗಲು ಸ್ಥಳವಿಲ್ಲ. ಆದ್ದರಿಂದ ಬ್ಯಾಟರಿ ತುಂಬಿಯೇ ಕೂಡಬೇಕು.

ಹುಕ್ಕೇರಿಯ ಮಿತ್ರನದು ಸ್ಯಾಮ್‌ಸಂಗ್ ಮೊಬೈಲು. ಇದರ ದಾರಿ ಬೇರೆ. ಇಂಥವುಗಳಲ್ಲಿ ನಾಕ್ಸ್ ಎಂಬ ಕಾವಲಿದೆ. ತಿದ್ದಿದ ವ್ಯವಸ್ಥೆಯಿಂದ ಒಮ್ಮೆ ಮೊಬೈಲು ತೆರೆದರೆ ಒಳಗಿನ ಒಂದು ಫ್ಯೂಜು ಸುಟ್ಟು, 0 ಇದ್ದ ಗುರುತು 1 ಆಗುವದು. ಅದನ್ನು ಮರಳಿ 0 ಮಾಡಲು ಯಾರಿಂದಲೂ ಆಗದು. ಕಂಪನಿಯ ಹಣಪಾವತಿಯ ಆ್ಯಪು, ಗುಪ್ತ ಕಡತದ ಪೆಟ್ಟಿಗೆ ಮೊದಲಾದವು ಶಾಶ್ವತವಾಗಿ ನಿಲ್ಲುವವು. ರೂಟು ಇರುವಾಗ ಗಾಳಿಯ ಮೂಲಕ ಬರುವ ಅಪ್‌ಡೇಟಿನ ಆಶೆಯನ್ನೂ ಬಿಡಬೇಕು. ಆದ್ದರಿಂದ ಪೂರ್ಣ ವ್ಯವಸ್ಥೆಯನ್ನು ಇಳಿಸಿಕೊಂಡು, ಅದರಲ್ಲಿಯ 'ಎ.ಪಿ.' ಎಂಬ ಕಡತವನ್ನು ಮೊಬೈಲಿನಲ್ಲಿ ಮ್ಯಾಜಿಸ್ಕಿನಿಂದ ತಿದ್ದಿಸಿ, ಕಂಪ್ಯೂಟರಿಗೆ ತಂದು, ಓಡಿನ್ ಎಂಬ ಸಾಧನದಿಂದ ಬರೆಯಬೇಕಾಗುವದು. ಅಲ್ಲಿ 'ಸಿ.ಎಸ್.ಸಿ.' ಎಂದೂ 'ಹೋಮ್ ಸಿ.ಎಸ್.ಸಿ.' ಎಂದೂ ಎರಡು ಕಡತಗಳಿರುವವು. ಮೊದಲನೆಯದು ದತ್ತಾಂಶವನ್ನೆಲ್ಲ ಅಳಿಸುವದು, ಎರಡನೆಯದು ಉಳಿಸುವದು. ಹೆಸರಿನ ಒಂದು ಶಬ್ದದ ಅಂತರ, ಫಲದಲ್ಲಿ ಆಕಾಶ ಪಾತಾಳದ ಅಂತರ. ಮಿತ್ರನು ಎರಡನೆಯದನ್ನೇ ಆರಿಸಿ, ಗಾಳಿ ಮಳೆಯ ಸಂಜೆಯನ್ನು ಬಿಟ್ಟು, ಬ್ಯಾಟರಿಯುಳ್ಳ ಲ್ಯಾಪ್‌ಟಾಪಿನಿಂದ ಕೆಲಸ ಮಾಡಿದನು. ಮೇಜಿನ ಕಂಪ್ಯೂಟರು ಬರೆಯುವ ನಡುವೆ ಕರೆಂಟು ಹೋಗಿ ಆರಿದರೆ ಮೊಬೈಲು ಅರ್ಧ ಬರೆದ ಪಾಟಿಯಂತೆ ಉಳಿಯುವದು.

ಮೂರಕ್ಕೂ ಸಲ್ಲುವ ಎಚ್ಚರಿಕೆಗಳು ಎರಡು. ಬೂಟ್‌ಲೋಡರನ್ನು ಬಿಚ್ಚುವಾಗ ಮೊಬೈಲಿನೊಳಗಿನದೆಲ್ಲ ಅಳಿಯುವದು ವಾಡಿಕೆ. ಇದನ್ನು ತಿಳಿದೇ ಕೈ ಹಾಕಬೇಕು. ಇನ್ನು ರೂಟು ಇರುವಾಗಲೇ ಬೂಟ್‌ಲೋಡರನ್ನು ಮತ್ತೆ ಬಿಗಿಯಬಾರದು. ಎಲ್ಲ ವಿಭಾಗಗಳೂ ಮೂಲದಂತಾಗಿವೆ ಎಂಬ ಖಾತ್ರಿಯಿಲ್ಲದೆ ಬಿಗಿದರೆ ಮೊಬೈಲು ತೆರೆಯದು.

ಅಪ್‌ಡೇಟು ಬೇಡವೆನ್ನಬಹುದೇ?

ಇಷ್ಟೊಂದು ತೊಡಕಿದ್ದರೆ ಅಪ್‌ಡೇಟನ್ನೇ ಬಿಡಬಾರದೇ ಎಂದು ಕೇಳುವರು. 2015ರ ಜುಲೈದಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಹೊರಬಿದ್ದಿತು. ಮೊಬೈಲಿಗೆ ವೀಡಿಯೊ ಇರುವ ಒಂದು ಸಂದೇಶವನ್ನು ಕಳಿಸಿ, ಒಡೆಯನು ಅದನ್ನು ತೆರೆಯುವ ಮೊದಲೇ, ಒಳಗೆ ಹೊಗಲು ಅದರಿಂದ ಸಾಧ್ಯವಿತ್ತು. ಮರುತಿಂಗಳಿನಿಂದಲೇ ಗೂಗಲ್ ತಿಂಗಳಿಗೊಮ್ಮೆ ರಕ್ಷಣೆಯ ತಿದ್ದುಪಡಿ ಕೊಡುವ ಪದ್ಧತಿಯನ್ನು ಹಾಕಿತು. ಈ ತಿದ್ದುಪಡಿಗಳ ವಿವರ ಬಹಿರಂಗವಾಗಿ ಪ್ರಕಟವಾಗುವದು. ಅಂದ ಬಳಿಕ, ತಿದ್ದಿಕೊಳ್ಳದ ಮೊಬೈಲಿನ ದೋಷಗಳ ಪಟ್ಟಿಯು ಕಳ್ಳನ ಕೈಯಲ್ಲಿಯೂ ಇರುವದು. ರೂಟು ಇರುವ ಮೊಬೈಲಿನಲ್ಲಿ ಕಳ್ಳನು ಒಳಹೊಕ್ಕು, ಆ 0 ಅಧಿಕಾರವನ್ನೂ ದಕ್ಕಿಸಿಕೊಂಡರೆ, ಅವನಿಗೆ ತೆರೆಯದ ಕೋಣೆ ಉಳಿಯದು. ಆದ್ದರಿಂದ ರೂಟು ಮಾಡಿಕೊಂಡವನಿಗೆ ಅಪ್‌ಡೇಟು ಉಳಿದವರಿಗಿಂತ ಹೆಚ್ಚು ಬೇಕು.

ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಮೊಬೈಲು ಒಬ್ಬನದಲ್ಲ. ಹಾಲಿನ ಡೇರಿಯ ಬಟವಡೆಯ ಸಂದೇಶ, ತಂಗಿಯ ವಿದ್ಯಾರ್ಥಿವೇತನದ ಒ.ಟಿ.ಪಿ., ಕಬ್ಬಿನ ಬಿಲ್ಲು ಜಮೆಯಾದ ಸುದ್ದಿ ಎಲ್ಲವೂ ಒಂದೇ ಮೊಬೈಲಿಗೆ ಬರುವ ಮನೆಗಳೇ ಹೆಚ್ಚು. ಬ್ಯಾಂಕಿನ ಹಾಗೂ ಯು.ಪಿ.ಐ.ಯ ಅನೇಕ ಆ್ಯಪುಗಳು, ಮೊಬೈಲು ಮೂಲದಂತಿದೆಯೇ ಎಂದು ಗೂಗಲಿನ ಪ್ಲೇ ಇಂಟೆಗ್ರಿಟಿ ಎಂಬ ಪರೀಕ್ಷೆಯ ಮೂಲಕ ನೋಡಿ, ಇಲ್ಲವೆಂದಾದರೆ ನಡೆಯಲು ಒಪ್ಪುವದಿಲ್ಲ. ಮನೆಗೆ ಒಂದೇ ಮೊಬೈಲು ಇರುವಲ್ಲಿ ಅದನ್ನು ರೂಟು ಮಾಡುವದು ತಕ್ಕುದಲ್ಲ ಎಂಬುದು ನನ್ನ ಅಭಿಪ್ರಾಯ. ಕಲಿಯುವ ಆಸಕ್ತಿಯುಳ್ಳವರು ಮೂಲೆಗೆ ಬಿದ್ದ ಹಳೆಯ ಮೊಬೈಲಿನ ಮೇಲೆ ಕಲಿಯಬಹುದು. ಅದರಿಂದ ವ್ಯವಸ್ಥೆಯ ಒಳಗನ್ನು ತಿಳಿಯುವ ಲಾಭವೂ ಉಂಟು, ಮನೆಯವರಿಗೆ ತೊಂದರೆಯೂ ಇಲ್ಲ.

ಹೇಳಿದುದರ ಸಾರವಿಷ್ಟು. ಅಧಿಕೃತ ಅಪ್‌ಡೇಟು ರೂಟನ್ನು ದ್ವೇಷಿಸುವದಿಲ್ಲ. ತಾನು ಬಲ್ಲ ಮೂಲವನ್ನು ಮಾತ್ರ ಕೇಳುವದು. ಮೂಲವನ್ನು ಮರಳಿಸಿ ಅಪ್‌ಡೇಟನ್ನು ಬರಮಾಡಿಕೊಂಡು, ಆಮೇಲೆ ನಮ್ಮ ಟಿಪ್ಪಣಿಯನ್ನು ಮತ್ತೆ ಬರೆದುಕೊಳ್ಳುವದು ಕ್ರಮ. ಈ ಕ್ರಮ ನಡೆಯಬೇಕಾದರೆ ಎರಡು ವಸ್ತುಗಳು ಮೊದಲೇ ಸಿದ್ಧವಿರಬೇಕು: ಒಂದು, ತಿದ್ದುವ ಮೊದಲಿನ ಬೂಟಿನ ಪ್ರತಿ, ಇನ್ನೊಂದು, ಮೊಬೈಲಿನಲ್ಲಿರುವ ಫೋಟೋ, ಧ್ವನಿ, ಬರಹಗಳ ನಕಲು. ಮೊದಲನೆಯದು ಕಳೆದರೆ ಅಂತರ್ಜಾಲದಲ್ಲಿ ಹುಡುಕಬಹುದು. ಎರಡನೆಯದನ್ನು ಯಾವ ಕಂಪನಿಯೂ ಮರಳಿ ಕೊಡಲಾರದು. ಈ ರಜೆಯಲ್ಲಿ ಮಿತ್ರರು ತಮ್ಮ ಮೊಬೈಲು ರೂಟು ಆಗಿರಲಿ ಬಿಡಲಿ, ಈ ಎರಡನೆಯ ಕೆಲಸವನ್ನಾದರೂ ಮಾಡಿ ಮುಗಿಸುವರೆಂದು ಆಶಿಸುವೆನು.